ತಮ್ಮಾ, ನಿನ್ನ ಸಾ ಎಲ್ಲೈತಿ?

ಕೊಪ್ಪಳ

ಪ್ರೀತಿಯ ದೋಸ್ತ,

ನಿನ್ನ ಮೆಸೇಜ್ ಓದಿ ನಗು ಬಂತು. ಸ್ಕೇಲ್ ಅಂದ್ರೆ ಏನು, ಕೀ ಅಂದ್ರೆ ಏನು, ಎರಡೂ ಒಂದೇನಾ ಅಂತ ಕೇಳಿದ್ದೀಯ. ಗಿಟಾರ್ ತಗೊಂಡು ಎಂಟು ತಿಂಗಳಾದರೂ ನನಗೂ ಇದೇ ಗೊಂದಲ ಇತ್ತು. ತಪ್ಪು ನಮ್ಮದಷ್ಟೇ ಅಲ್ಲ ಬಿಡು. ಆರ್ಕೆಸ್ಟ್ರಾದವರು 'ಯಾವ ಸ್ಕೇಲ್‌ನಲ್ಲಿ ಹಾಡ್ತೀರಿ?' ಅಂತ ಕೇಳುತ್ತಾರಲ್ಲ, ಅವರಿಗೆ ಬೇಕಾದದ್ದು ಕೀ. ಅಲ್ಲಿಂದಲೇ ನಮ್ಮ ತಲೆ ಕೆಟ್ಟಿದ್ದು.

ನನಗೆ ಇದು ತಿಳಿದದ್ದು ಮರ್ಯಾದೆ ಹೋದ ಮೇಲೆ. ಶ್ರಾವಣ ಸೋಮವಾರ ನಮ್ಮ ಓಣಿಯ ಗುಡಿಯಲ್ಲಿ ಭಜನೆ ಇತ್ತು. ನಾನೂ ಗಿಟಾರ್ ಹಿಡಿದು ಹೋಗಿ ಕೂತೆ. ಪೇಟಿ (ಹಾರ್ಮೋನಿಯಂ) ಮಾಸ್ತರು 'ಕರಿ ಒಂದು' ಅಂದರು. ನನಗೇನು ಗೊತ್ತು? ಬರುತ್ತಿದ್ದದ್ದು ಸಿ ಕಾರ್ಡ್ (ಸಿ ಸ್ವರದ ಮೇಲೆ ಕಟ್ಟಿದ, ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಬಾರಿಸಿಯೇ ಬಿಟ್ಟೆ. ತಾಳ ಹಾಕುತ್ತಿದ್ದವರೂ ತಿರುಗಿ ನೋಡಿದರು. ಮಾಸ್ತರು ಬೈಯಲಿಲ್ಲ. 'ತಮ್ಮಾ, ನಿನ್ನ ಸಾ ಎಲ್ಲೈತಿ, ನನ್ನ ಸಾ ಎಲ್ಲೈತಿ, ಮೊದ್ಲ ನೋಡ್ಕೋ' ಅಂದರು, ಅಷ್ಟೇ.

ಪೇಟಿಯ ಕರಿ ಒಂದು, ಅಂದರೆ ಮೊದಲ ಕರಿ ಮಣೆ, ಸಿ ಶಾರ್ಪ್. ಶಾರ್ಪ್ ಅಂದರೆ ಒಂದು ಮನೆ ಮೇಲಿನ ಸ್ವರ. ನಾನು ಬಾರಿಸಿದ್ದು ಸಿ. ಒಂದೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಪಟ್ಟಿಗಳ ಒಂದು ಮನೆ) ವ್ಯತ್ಯಾಸ. ಆದರೆ ಗೋಡೆಗೆ ಗೋಡೆ ಹತ್ತಿದ ಮನೆಗಳ ಜಗಳ ಗೊತ್ತಲ್ಲ, ಸ್ವರಗಳದ್ದೂ ಹಾಗೇ. ಪಕ್ಕಪಕ್ಕದವು ಒಟ್ಟಿಗೆ ನುಡಿದರೆ ಕಿವಿ ಹಿಂಡಿದಂತಾಗುತ್ತದೆ.

ಸಾ ಎಲ್ಲಿದೆ ಅನ್ನುವುದೇ ಕೀ. ಆ ಸಾದಿಂದ ಮುಂದಿನ ಸ್ವರಗಳು ಎಷ್ಟೆಷ್ಟು ದೂರಕ್ಕಿವೆ ಅನ್ನುವುದು ಸ್ಕೇಲ್. ಈಗ ಗಿಟಾರ್ ಎತ್ತಿಕೋ. ಎಲ್ಲಕ್ಕಿಂತ ಕೆಳಗಿನ ಸಣ್ಣ ತಂತಿ ಒಂದೇ ಸಾಕು. ಮೊದಲು ಖಾಲಿ ತಂತಿ ಮೀಟು, ಆಮೇಲೆ 2, 4, 5, 7, 9, 11, 12ನೇ ಫ್ರೆಟ್ ಒತ್ತುತ್ತಾ ಹೋಗು. ಬಾಯಲ್ಲಿ ಸಾ ರೇ ಗ ಮ ಪ ಧ ನಿ ಸಾ ಅನ್ನು. ಬಂತಾ? ಪಾಶ್ಚಾತ್ಯ ಸಂಗೀತದವರು ಮೇಜರ್ ಸ್ಕೇಲ್ ಅನ್ನುವುದು ಇದಕ್ಕೇ. ಹಿಂದೂಸ್ತಾನಿಯವರ ಬಿಲಾವಲ್ ಥಾಟ್‌ನಲ್ಲಿ (ಥಾಟ್ ಅಂದರೆ ರಾಗಗಳನ್ನು ವಿಂಗಡಿಸುವ ಸ್ವರಗಳ ಗುಂಪು) ಇರುವುದೂ ಇವೇ ಏಳು ಸ್ವರ. ಫ್ರೆಟ್ ಲೆಕ್ಕದಲ್ಲಿ ಹೆಜ್ಜೆಗಳು 2-2-1-2-2-2-1, ಒಟ್ಟು 12. ಹನ್ನೆರಡನೇ ಫ್ರೆಟ್ ತಂತಿಯ ಸರಿ ಅರ್ಧಕ್ಕೆ ಬರುತ್ತದೆ, ಅದಕ್ಕೇ ಅಲ್ಲಿ ಮೇಲಿನ ಸಾ ಸಿಗುತ್ತದೆ.

ಅದು ಇ ತಂತಿ, ಹಾಗಾಗಿ ನೀನು ನುಡಿಸಿದ್ದು ಇ ಮೇಜರ್. ಅದರ ಮೇಲಿನ ಬಿ ತಂತಿಯಲ್ಲಿ ಅವೇ ಫ್ರೆಟ್ ಒತ್ತಿದರೆ ಬಿ ಮೇಜರ್. ಹೆಜ್ಜೆ ಅದೇ, ಹೊರಟ ಜಾಗ ಬೇರೆ. ಬೆರಳು ಎಲ್ಲಿಡಬೇಕು ಅನ್ನುವ ಸ್ಕೇಲ್‌ನ ಐದು ಚಿತ್ರ ಬಾಯಿಪಾಠ ಮಾಡಿಯೂ ನಾನು ಕಲಿಯದ್ದು ಇಷ್ಟೇ ನೋಡು.

ಈ ಶಾರ್ಪ್ ಎಲ್ಲಿಂದ ಬಂತು ಅಂತ ಕೇಳಿದ್ದೀಯಲ್ಲ, ಅದಕ್ಕೆ ಪೇಟಿಯೇ ಬೇಕು. ಭಜನೆ ಮುಗಿದ ಮೇಲೆ ಚಹಾ ಕುಡಿಯುತ್ತಾ ಮಾಸ್ತರು ಮಣೆ ತೋರಿಸಿದರು. ಸಿ ಇಂದ ಹೊರಟರೆ ಬರೀ ಬಿಳಿ ಮಣೆಗಳೇ ಸಾಕು. ಯಾಕಂದ್ರೆ ಇ-ಎಫ್ ಮಧ್ಯೆ, ಬಿ-ಸಿ ಮಧ್ಯೆ ಕರಿ ಮಣೆ ಇಲ್ಲ. ಆ ಎರಡು ಸಣ್ಣ ಹೆಜ್ಜೆಗಳೂ ಬೇಕಾದ ಜಾಗದಲ್ಲೇ ಬೀಳುತ್ತವೆ. ಜಿ ಇಂದ ಬಿಳಿ ಮೇಲೆಯೇ ಹೋಗಿ ನೋಡು. ಧ ತನಕ ಸುಖ, ನಿ ಹತ್ತಿರ ಕೆಡುತ್ತದೆ. ಇ ಇಂದ ಎರಡು ಹೆಜ್ಜೆ ಬೇಕು, ಎಫ್ ಒಂದಕ್ಕೇ ನಿಂತುಬಿಡುತ್ತದೆ. ಒಂದು ಮನೆ ಮುಂದೆ ಸರಿದು ಕರಿ ಒತ್ತಬೇಕು. ಅದು ಎಫ್ ಶಾರ್ಪ್. ಜಿ ಮೇಜರ್‌ನಲ್ಲಿ ಒಂದು ಶಾರ್ಪ್ ಅಂತ ಪುಸ್ತಕದಲ್ಲಿ ಸುಮ್ನೆ ಬರೆದಿರುತ್ತಾರೆ, ಕಾರಣ ಇದು.

ಮುಂದಿನ ಸೋಮವಾರ ಒಂದನೇ ಫ್ರೆಟ್ ಮೇಲೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಅದೇ ಸಿ ಕಾರ್ಡ್ ಹಿಡಿದೆ. ಸಿ ಶಾರ್ಪ್ ಆಯಿತು, ಕರಿ ಒಂದಕ್ಕೆ ಸರಿಯಾಗಿ ಕೂತಿತು. ಮಾಸ್ತರು ತಲೆ ಆಡಿಸಿದರು. ಹಾಡಿಗೋ ನನಗೋ, ಕೇಳಲಿಲ್ಲ.

ಮೈನರ್ ಬಗ್ಗೆ ಈಗ ಜಾಸ್ತಿ ಬರೆಯುವುದಿಲ್ಲ. ಸಿ ಮೇಜರ್‌ನ ಅವೇ ಏಳು ಸ್ವರ ಇಟ್ಟುಕೊಂಡು, ಧ ಇರುವ ಎ ಸ್ವರವನ್ನೇ ಸಾ ಮಾಡಿಕೋ. ಅದು ಎ ಮೈನರ್. ಸ್ವರ ಒಂದೂ ಬದಲಾಗಿಲ್ಲ, ಆದರೂ ಹಾಡಿನ ಮುಖ ಬಾಡುತ್ತದೆ. ರಾತ್ರಿ ಒಬ್ಬನೇ ಕೂತು ಬಾರಿಸಿ ನೋಡು.

ಗವಿಮಠದ ಜಾತ್ರೆಗೆ ಬರ್ತೀಯಲ್ವಾ? ಬರುವಾಗ ಒಂದು ಕ್ಯಾಪೊ ತಾ. ನನ್ನದರ ಸ್ಪ್ರಿಂಗ್ ಹೋಗಿದೆ, ಸದ್ಯಕ್ಕೆ ಪೆನ್ಸಿಲ್‌ಗೆ ರಬ್ಬರ್ ಬ್ಯಾಂಡ್ ಸುತ್ತಿ ನಡೆಸುತ್ತಿದ್ದೇನೆ. ಎಫ್ ಕಾರ್ಡ್ ಹಿಡಿಯೋದು ಹೇಗೆ ಅಂತ ಮಾತ್ರ ನನ್ನನ್ನು ಕೇಳಬೇಡ. ತೋರುಬೆರಳು ಇನ್ನೂ ಮಾತು ಕೇಳುತ್ತಿಲ್ಲ.

ನಿನ್ನ ದೋಸ್ತ