ಪಿಟೀಲು ಮನೆಯಲ್ಲಿ ಬಿಟ್ಟು ಹೋಗಬೇಡ

ಪ್ರೀತಿಯ ಪುಟ್ಟಿ,

ಅಮೆರಿಕದ ಟೆನೆಸ್ಸಿ ರಾಜ್ಯದ ಜಾನ್ಸನ್ ಸಿಟಿಯಲ್ಲಿ ಸ್ಕೂಲ್ ಬೋರ್ಡ್ ಚುನಾವಣೆಗೆ ನಿಲ್ಲುತ್ತೇನೆ ಎಂದು ನೀನು ಹೇಳಿದಾಗಿನಿಂದ ಮನೆಯಲ್ಲಿ ಅದೇ ಮಾತು. ಅಪ್ಪನಿಗಂತೂ ಖುಷಿಯೋ ಖುಷಿ. ಆದರೆ ಪ್ರಚಾರಕ್ಕೆ ಪಿಟೀಲು ತರಬೇಡ, ಹಗುರಾಗಿ ಕಾಣುತ್ತದೆ ಎಂದು ಯಾರೋ ಹೇಳಿದರಂತಲ್ಲ, ಆ ಮಾತು ನನಗೆ ಸರಿಬರಲಿಲ್ಲ.

ನಿಮ್ಮೂರಿನ ಪಕ್ಕದಲ್ಲೇ ಇರುವ ಹ್ಯಾಪಿ ವ್ಯಾಲಿಯವರು ಆಲ್ಫ್ ಟೇಲರ್ ಮತ್ತು ಬಾಬ್ ಟೇಲರ್. ಒಡಹುಟ್ಟಿದವರು. 1886ರಲ್ಲಿ ಟೆನೆಸ್ಸಿ ಗವರ್ನರ್ ಚುನಾವಣೆಯಲ್ಲಿ ಅಣ್ಣ ಆಲ್ಫ್ ರಿಪಬ್ಲಿಕನ್, ತಮ್ಮ ಬಾಬ್ ಡೆಮಾಕ್ರಾಟ್, ಎದುರುಬದುರು ನಿಂತರು. ಇಬ್ಬರಿಗೂ ಪಿಟೀಲು ಬರುತ್ತಿತ್ತು. ಜೊತೆಯಾಗಿಯೇ ಊರೂರು ಸುತ್ತುವುದು, ಒಂದೇ ವೇದಿಕೆ ಹತ್ತಿ ವಾದ ಮಾಡುವುದು, ಆಮೇಲೆ ಪಿಟೀಲು ಹಿಡಿದು ಅದೇ ಜನರಿಗೆ ಬಾರಿಸುವುದು. ಬಾಬ್ ಕಡೆಯವರದು ಬಿಳಿ ಗುಲಾಬಿ, ಆಲ್ಫ್ ಕಡೆಯವರದು ಕೆಂಪು. ತಮ್ಮ ಗೆದ್ದ. ಅಣ್ಣನೂ 1920ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅದೇ ಹುದ್ದೆಗೆ ಗೆದ್ದ! ಎದುರಾಳಿಯ ಜೊತೆ ಹೇಗಿರಬೇಕು ಅಂತ ಕೇಳಿದ್ದೆಯಲ್ಲ, ಹೀಗೇ ಇರು.

ಆದರೆ ರಾಯ್ ಏಕಫ್ ಕಥೆಯನ್ನೂ ನೆನಪಿಟ್ಟುಕೋ. ಗ್ರ್ಯಾಂಡ್ ಓಲ್ ಆಪ್ರಿ ಎಂಬ ಪ್ರಸಿದ್ಧ ರೇಡಿಯೋ ಸಂಗೀತ ಕಾರ್ಯಕ್ರಮದ ದೊಡ್ಡ ಹೆಸರು, ಪಿಟೀಲು, ಹಾಡು ಎರಡೂ ಇತ್ತು. 1948ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಗವರ್ನರ್ ಹುದ್ದೆಗೆ ನಿಂತಾಗ ಸಭೆಗಳಿಗೆ ಜನವೋ ಜನ. ವೋಟು ಮಾತ್ರ ಗಾರ್ಡನ್ ಬ್ರೌನಿಂಗ್‌ಗೆ ಬಿತ್ತು. ಆಗ ಅಲ್ಲಿ ರಿಪಬ್ಲಿಕನ್ನರು ಗೆಲ್ಲುವುದೇ ಕಷ್ಟವಾಗಿತ್ತು, ನಿಜ. ಆದರೂ ಹಾಡು ಕೇಳಲು ಬಂದವರೆಲ್ಲ ವೋಟು ಹಾಕುತ್ತಾರೆ ಎಂದು ಲೆಕ್ಕ ಹಾಕಬೇಡ.

ವೆಸ್ಟ್ ವರ್ಜೀನಿಯಾದ ರಾಬರ್ಟ್ ಬರ್ಡ್ 1946ರಲ್ಲಿ ಪಿಟೀಲು ಹಿಡಿದೇ ಮೊದಲ ಚುನಾವಣೆ ಗೆದ್ದು, ಮುಂದೆ 1959ರಿಂದ 2010ರವರೆಗೆ ಸೆನೆಟರ್ ಆಗಿದ್ದರು. ಅದೇ ಮನುಷ್ಯ ಅದಕ್ಕೂ ಮೊದಲು ಕಪ್ಪುಜನರನ್ನು ದ್ವೇಷಿಸುವ ಬಿಳಿಯರ ಗುಂಪಾದ ಕೂ ಕ್ಲಕ್ಸ್ ಕ್ಲಾನ್ ಸೇರಿದ್ದರು, 1964ರ ನಾಗರಿಕ ಹಕ್ಕು ಕಾಯ್ದೆಯನ್ನು ವಿರೋಧಿಸಿದ್ದರು. ಆಮೇಲೆ ತಪ್ಪಾಯಿತು ಎಂದು ಒಪ್ಪಿಕೊಂಡರು ಅನ್ನು. ಕೈ ಎಷ್ಟೇ ಚೆನ್ನಾಗಿ ಓಡಲಿ, ಜನ ನಿನ್ನ ನಿಲುವು ಕೇಳಲೇಬೇಕು, ನೀನೂ ಹೇಳಲೇಬೇಕು.

ಒಂದು ವಿಷಯ ನೋಡು. ಇಲ್ಲಿ ನೀನು ಚಕ್ಕಂಬಟ್ಟೆ ಹಾಕಿ ಕೂತು, ಪಿಟೀಲಿನ ತಲೆಯನ್ನು ಬಲಗಾಲಿನ ಹರಡಿನ ಮೇಲಿಟ್ಟು ಬಾರಿಸಲು ಕಲಿತೆ. ಅಲ್ಲಿನ ಹಳೇ ಕಾಲದ ಎಷ್ಟೋ ಜನ ಅದನ್ನು ಗಲ್ಲದ ಕೆಳಗೆ ಒತ್ತಿ ಹಿಡಿಯದೆ ಎದೆಗೆ ಆನಿಸಿಕೊಂಡು ಬಾರಿಸುತ್ತಿದ್ದರು. ಆಗ ಕತ್ತು ಸಡಿಲ ಇರುತ್ತದೆ, ಬಾರಿಸುತ್ತಲೇ ಹಾಡಬಹುದು, ಎದುರಿಗಿದ್ದವರನ್ನು ನೋಡಿ ಮಾತಾಡಬಹುದು. ನೀನೂ ಹಾಗೆ ನಿಂತು ಬಾರಿಸಿ ನೋಡು.

ಸುಮ್ನೆ ಒಂದು ಹಾಡು ಸಾಕು, ಜಾಸ್ತಿ ಬೇಡ. ಕಮಾನು ಕೆಳಗಿಟ್ಟ ತಕ್ಷಣ ಶಾಲೆಗಳಲ್ಲಿ ಸಂಗೀತದ ಮೇಷ್ಟ್ರು ಯಾಕೆ ಬೇಕು, ಅದಕ್ಕೆ ದುಡ್ಡು ಎಲ್ಲಿಂದ ತರಬೇಕು, ಅದನ್ನು ಹೇಳು. ದುಡ್ಡಿನ ಭಾಗ ನೀನು ಕಳಿಸಿದ ಭಾಷಣದಲ್ಲಿ ಇನ್ನೂ ಗಟ್ಟಿಯಾಗಿಲ್ಲ. ಅಷ್ಟನ್ನು ಮತ್ತೆ ಬರೆದು ಕಳಿಸು, ನಾನೂ ಅಪ್ಪನೂ ಓದುತ್ತೇವೆ.

ನಿನ್ನ ಅಮ್ಮ