ಐದೂ ಸ್ಪೀಕರ್ ಸದ್ದು ಮಾಡಿದ ಮಾತ್ರಕ್ಕೆ 5.1 ಆಗದು: ಹೋಮ್ ಥಿಯೇಟರ್ ಅಳವಡಿಕೆ ಕುರಿತು ದೂರು

ಇಂದ:
ಗ್ರಾಹಕ,
ಜೇವರ್ಗಿ ರಸ್ತೆ, ಕಲಬುರಗಿ

ಗೆ:
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಹಣ ಪಡೆದು ಮಾಡಿದ ಹೋಮ್ ಥಿಯೇಟರ್ ಅಳವಡಿಕೆಯಲ್ಲಿ ಗಂಭೀರ ಲೋಪಗಳಿರುವ ಬಗ್ಗೆ, ಮತ್ತು ಕೆಲಸ ಸರಿಪಡಿಸದೆಯೇ ದೂರನ್ನು ಮುಕ್ತಾಯಗೊಳಿಸಿದ ಬಗ್ಗೆ.

ಮಾನ್ಯರೇ,

ಸಾಮಾನಿನ ಬಗ್ಗೆ ನನ್ನ ತಕರಾರಿಲ್ಲ. ರಿಸೀವರ್ (ಸದ್ದನ್ನು ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆ), ಐದು ಸ್ಪೀಕರ್, ಸಬ್‌ವೂಫರ್ (ಬಾಸ್ ನುಡಿಸುವ ದೊಡ್ಡ ಸ್ಪೀಕರ್) ಎಲ್ಲವೂ ಸುಸ್ಥಿತಿಯಲ್ಲಿವೆ. ತಕರಾರಿರುವುದು ಬಿಲ್ಲಿನಲ್ಲಿ ಬೇರೆ ಸಾಲಾಗಿ ಸೇರಿಸಿ ವಸೂಲು ಮಾಡಿದ 'ಅಳವಡಿಕೆ ಮತ್ತು ಟ್ಯೂನಿಂಗ್' ಎಂಬ ಬಾಬ್ತಿನ ಬಗ್ಗೆ. ನಿಮ್ಮ ಸರ್ವಿಸ್ ಶೀಟಿನಲ್ಲಿ '5.1 ವರ್ಕಿಂಗ್ ಓಕೆ' ಎಂದು ಬರೆದು ಸಹಿ ಹಾಕಲಾಗಿದೆ. 5.1 ಎಂದರೆ ಐದು ಸ್ಪೀಕರಿಗೆ ಐದು ಬೇರೆ ಬೇರೆ ಸದ್ದು (ಚಾನೆಲ್), ಜೊತೆಗೆ ಸಬ್‌ವೂಫರಿಗೆ ಒಂದು. ವಾಸ್ತವದಲ್ಲಿ ನಮ್ಮ ಪಡಸಾಲೆಯಲ್ಲಿ ಈಗ ನುಡಿಯುತ್ತಿರುವುದು ಎರಡೇ ಚಾನೆಲ್ಲಿನ ಸದ್ದು. ಅದನ್ನೇ ಐದೂ ಸ್ಪೀಕರಿಗೆ ಹಂಚಿ ಹೋಗಿದ್ದಾರೆ. ಫೋನಿನಲ್ಲಿ ಕೊಟ್ಟ ದೂರಿಗೆ ಯಾರೂ ಬಂದು ನೋಡಲಿಲ್ಲ. 'ಸಮಸ್ಯೆ ಬಗೆಹರಿದಿದೆ' ಎಂಬ ಮೆಸೇಜು ಮಾತ್ರ ಬಂತು. ಹೀಗಾಗಿ ಏನೇನು ತಪ್ಪಾಗಿದೆ, ಏಕೆ ತಪ್ಪು, ಸರಿ ಮಾಡುವುದು ಹೇಗೆ ಎಂಬುದನ್ನು ಅಳತೆ ಸಮೇತ ಬರೆಯುತ್ತಿದ್ದೇನೆ. ಫೋಟೊಗಳನ್ನೂ ಬಿಲ್ಲಿನ ಪ್ರತಿಯನ್ನೂ ಲಗತ್ತಿಸಿದ್ದೇನೆ.

ಎಲ್ಲಕ್ಕಿಂತ ಮೊದಲು ಅಪಾಯದ ಮಾತು. ಸಬ್‌ವೂಫರಿನಲ್ಲಿ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಅದನ್ನು ಅಡಗಿಸಲು ನಿಮ್ಮವರು ಅದರ ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಅರ್ಥಿಂಗ್ ಕಡಿದು ಹಾಕಿದ್ದಾರೆ. ಗುಂಯ್ ನಿಂತಿತು ನಿಜ. ಆದರೆ ಇನ್ನು ಮುಂದೆ ಒಳಗೆ ಎಲ್ಲಾದರೂ ಫೇಸ್ ತಂತಿ ಲೋಹದ ಹಿಂಬದಿ ತಟ್ಟೆಗೆ ತಾಗಿದರೆ ಕರೆಂಟು ನೆಲಕ್ಕೆ ಇಳಿಯಲು ದಾರಿಯಿಲ್ಲ. ಎಂಸಿಬಿಯೂ (ಅಪಾಯದಲ್ಲಿ ತಾನೇ ಕರೆಂಟು ಕಡಿಯುವ ಸ್ವಿಚ್ಚು) ಬೀಳುವುದಿಲ್ಲ, ಮುಟ್ಟಿದವರಿಗೇ ಹೊಡೆಯುತ್ತದೆ. ಆ ಅಡಾಪ್ಟರನ್ನು ಆಗಲೇ ತೆಗೆದಿಟ್ಟಿದ್ದೇನೆ. ಸಬ್‌ವೂಫರ್ ಸದ್ಯಕ್ಕೆ ಬಂದ್.

'ನಿಮ್ಮ ಮನೆಯ ಅರ್ಥಿಂಗ್ ಸರಿಯಿಲ್ಲ' ಎಂದು ಕಾಲ್ ಸೆಂಟರಿನಿಂದ ಉತ್ತರ ಬಂತು. ಎರೆಮಣ್ಣಿನ ಊರು, ಬೇಸಿಗೆಯಲ್ಲಿ ನೆಲ ಬಿರಿದು ಅರ್ಥಿಂಗ್ ಕುಣಿ ಒಣಗುವುದು ಇಲ್ಲಿ ಹೊಸದಲ್ಲ, ಹಾಗಾಗಿ ಅನುಮಾನ ಪಡುವುದರಲ್ಲಿ ತಪ್ಪಿಲ್ಲ. ಆದರೆ ಮೀಟರ್ ಹಿಡಿದು ನೋಡಬೇಕಲ್ಲ? ಅದೇ ಬೋರ್ಡಿನಲ್ಲಿ ಫೇಸ್–ನ್ಯೂಟ್ರಲ್ 231 ವೋಲ್ಟ್, ಫೇಸ್–ಅರ್ಥ್ 230, ನ್ಯೂಟ್ರಲ್–ಅರ್ಥ್ 1.8 ವೋಲ್ಟ್ ತೋರಿಸುತ್ತದೆ. ಈ ಅಂಕಿಗಳಲ್ಲಿ ಕೆಟ್ಟ ಅರ್ಥಿಂಗಿನ ಲಕ್ಷಣವಿಲ್ಲ. ಗುಂಯ್‌ಗೆ ಕಾರಣ ಬೇರೆ. ಡಿಶ್ ಆಂಟೆನಾದ ಕೇಬಲ್ಲು ಮಾಳಿಗೆಯ ಮೇಲಿನ ಕಬ್ಬಿಣದ ಕಂಬದ ಮೂಲಕ ಒಂದು ಕಡೆ ನೆಲ ಮುಟ್ಟಿದೆ. ಸಬ್‌ವೂಫರ್ ಎದುರು ಗೋಡೆಯ ಬೋರ್ಡಿನಿಂದ ಇನ್ನೊಂದು ಕಡೆ ಮುಟ್ಟಿದೆ. ಈ ಎರಡರ ನಡುವಿನ ಸುತ್ತಿನಲ್ಲಿ ಹರಿಯುವ 50 ಹರ್ಟ್ಸ್ ಕರೆಂಟೇ ಆ ಸದ್ದು. ಸೆಟ್‌ಟಾಪ್ ಬಾಕ್ಸಿನ ಹಿಂದಿನಿಂದ ಡಿಶ್ ಕೇಬಲ್ ಬಿಚ್ಚಿದ ಕೂಡಲೇ ಗುಂಯ್ ನಿಲ್ಲುತ್ತದೆ, ಮತ್ತೆ ತಿರುಗಿಸಿದರೆ ಶುರುವಾಗುತ್ತದೆ. ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಟಿವಿ, ರಿಸೀವರ್, ಸೆಟ್‌ಟಾಪ್ ಬಾಕ್ಸ್, ಸಬ್‌ವೂಫರ್ ನಾಲ್ಕಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಡಬೇಕು. ಅಷ್ಟಾದರೂ ಗುಂಯ್ ಉಳಿದರೆ ಡಿಶ್ ಕೇಬಲ್ಲನ್ನು ಮನೆಯ ಅರ್ಥಿಂಗಿಗೇ ಜೋಡಿಸಬೇಕು. ಅರ್ಥ್ ಪಿನ್ ಕಡಿಯುವುದು ಯಾವ ಸಂದರ್ಭದಲ್ಲೂ ರಿಪೇರಿಯಲ್ಲ.

ಇನ್ನು ಸಿಗ್ನಲ್ಲಿನ ವಿಷಯ. ಟಿವಿಯ ಹಿಂದಿರುವ ಎಚ್‌ಡಿಎಂಐ ಪೋರ್ಟುಗಳಲ್ಲಿ ಎರಡನೆಯದಕ್ಕೆ ಮಾತ್ರ 'ಎಆರ್‌ಸಿ' ಎಂದು ಬರೆದಿದೆ. ಟಿವಿಯೊಳಗಿನ ಆ್ಯಪ್‌ಗಳ ಸದ್ದು ರಿಸೀವರಿಗೆ ವಾಪಸ್ ಹೋಗುವುದು ಆ ಒಂದೇ ಪೋರ್ಟಿನಿಂದ. ನಿಮ್ಮವರು ಕೇಬಲ್ಲನ್ನು ಒಂದನೆಯದಕ್ಕೆ ಚುಚ್ಚಿದ್ದಾರೆ. ಸಹಜವಾಗಿಯೇ ಸದ್ದು ಬರಲಿಲ್ಲ. ಆಗ ಟಿವಿಯ ಹೆಡ್‌ಫೋನ್ ತೂತಿನಿಂದ ಕೆಂಪು–ಬಿಳಿ ಪಿನ್ನಿನ ತಂತಿ ಎಳೆದು ರಿಸೀವರಿಗೆ ಕೊಟ್ಟಿದ್ದಾರೆ. ಆ ತಂತಿಯಲ್ಲಿ ಎಡ ಮತ್ತು ಬಲ ಬಿಟ್ಟರೆ ಮೂರನೆಯ ಚಾನೆಲ್ಲಿಗೆ ಜಾಗವೇ ಇಲ್ಲ. ಆದರೂ ಐದೂ ಸ್ಪೀಕರ್ ನುಡಿಯಬೇಕಲ್ಲ, ರಿಸೀವರನ್ನು ಎಲ್ಲ ಸ್ಪೀಕರಿಗೂ ಸ್ಟೀರಿಯೊ ಹಂಚುವ ಮೋಡಿನಲ್ಲಿಟ್ಟು ಹೋಗಿದ್ದಾರೆ. ಲಗತ್ತಿಸಿದ ಮೊದಲ ಫೋಟೊ ನೋಡಿ: 5.1 ಸದ್ದಿರುವ ಸಿನಿಮಾ ಓಡುತ್ತಿದೆ, ರಿಸೀವರಿನ ಮುಖದ ಮೇಲೆ 'ಮಲ್ಟಿ ಚಾನೆಲ್ ಸ್ಟೀರಿಯೊ' ಎಂಬ ಅಕ್ಷರಗಳಿವೆ. ಸರ್ವಿಸ್ ಶೀಟಿಗೆ ಸಹಿ ಹಾಕಿದವರ ಕಣ್ಣೆದುರಿಗೇ ಅದು ಉರಿಯುತ್ತಿತ್ತು. ಇದರಿಂದಾಗಿ ಪಾತ್ರಗಳ ಮಾತು ಮುಂದಿನ ನಡು ಸ್ಪೀಕರಿನಿಂದ ಬರುವ ಬದಲು ಬೆನ್ನ ಹಿಂದಿನಿಂದಲೂ ಬರುತ್ತದೆ.

ಇದನ್ನು ಸರಿಮಾಡಲು ಹೊಸದಾಗಿ ಏನೂ ಬೇಕಿಲ್ಲ. ಕೇಬಲ್ಲಿನ ಒಂದು ತುದಿ ಟಿವಿಯ ಎಆರ್‌ಸಿ ಪೋರ್ಟಿಗೆ, ಇನ್ನೊಂದು ತುದಿ ರಿಸೀವರಿನ ಔಟ್ ಪೋರ್ಟಿಗೆ. ಎರಡರ ಮೆನುವಿನಲ್ಲೂ ಎಚ್‌ಡಿಎಂಐ ಕಂಟ್ರೋಲ್ ಆನ್. ಟಿವಿಯ ಡಿಜಿಟಲ್ ಆಡಿಯೊ ಔಟ್‌ಪುಟ್ ಈಗ ಪಿಸಿಎಂನಲ್ಲಿದೆ (ಸದ್ದನ್ನು ಟಿವಿಯೇ ಬಿಡಿಸಿ ಕಳಿಸುವ ರೀತಿ). ಅದನ್ನು ಆಟೊ ಅಥವಾ ಬಿಟ್‌ಸ್ಟ್ರೀಮ್‌ಗೆ (ಬಿಡಿಸದೆ ಹಾಗೆಯೇ ಕಳಿಸುವ ರೀತಿಗೆ) ಬದಲಿಸಬೇಕು, ಇಲ್ಲವಾದರೆ ಎಆರ್‌ಸಿಯಲ್ಲೂ ಎರಡೇ ಚಾನೆಲ್ ಬರುತ್ತದೆ. ರಿಸೀವರಿನ ಮುಖದಲ್ಲಿ ಡಾಲ್ಬಿ ಹೆಸರು ಮೂಡಿದ ಮೇಲೆ ಕೆಲಸವಾಯಿತು ಎನ್ನಬಹುದು. ಸೆಟ್‌ಟಾಪ್ ಬಾಕ್ಸಿನ ಅನೇಕ ಟಿವಿ ಚಾನೆಲ್‌ಗಳು ಬರುವುದೇ ಸ್ಟೀರಿಯೊದಲ್ಲಿ, ಅದರ ದೂರು ನಿಮ್ಮ ಮೇಲಿಲ್ಲ.

ಈ ವಿಷಯ ಎತ್ತಿದಾಗ 'ಇಎಆರ್‌ಸಿ ಇರುವ ಹೊಸ ಟಿವಿ ತಗೊಳ್ಳಿ ಸರ್' ಎಂಬ ಸಲಹೆ ಬಂತು. ಇಎಆರ್‌ಸಿ ಎಂದರೆ ಎಆರ್‌ಸಿಯ ಸುಧಾರಿತ ರೂಪ. ದಯವಿಟ್ಟು ನಿಮ್ಮ ಸಿಬ್ಬಂದಿಗೆ ತಿಳಿಸಿ: ಆ್ಯಪ್‌ಗಳು ಕೊಡುವ ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ 5.1 ಸದ್ದು ಹಳೆಯ ಎಆರ್‌ಸಿಯಲ್ಲೇ ಹಾಯುತ್ತದೆ. ಇಎಆರ್‌ಸಿ ಬೇಕಾಗುವುದು ಬ್ಲೂ-ರೇಯಂಥ ಕುಗ್ಗಿಸದ ಗುಣಮಟ್ಟದ ಸದ್ದನ್ನು ಟಿವಿಯ ಮೂಲಕ ಸಾಗಿಸುವಾಗ. ಪ್ಲೇಯರನ್ನು ನೇರ ರಿಸೀವರಿಗೇ ಜೋಡಿಸಿದರೆ ಆಗಲೂ ಬೇಕಿಲ್ಲ. ತಪ್ಪು ತೂತಿಗೆ ಚುಚ್ಚಿದ ಕೇಬಲ್ಲಿಗಾಗಿ ಟಿವಿಯನ್ನೇ ಬದಲಿಸಬೇಕೆ?

ಸ್ಪೀಕರುಗಳ ಜಾಗಕ್ಕೆ ಬರೋಣ. ಪಡಸಾಲೆ 18 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಟಿವಿ ಇರುವುದು 12 ಅಡಿಯ ಗೋಡೆಗೆ; ಸೋಫಾದಲ್ಲಿ ಕೂತವರ ಕಿವಿ ಅಲ್ಲಿಂದ 10 ಅಡಿ ದೂರ. ಮುಂದಿನ ಎಡ–ಬಲ ಸ್ಪೀಕರುಗಳನ್ನು ಟಿವಿಯ ಅಂಚಿಗೆ ಒತ್ತಿ ಕೂರಿಸಿದ್ದಾರೆ, ನಡುವಿನ ಅಂತರ 5 ಅಡಿ. ಅಂದರೆ ಕೂತವರ ನೋಟದ ನಡುಗೆರೆಯಿಂದ ತಲಾ 14 ಡಿಗ್ರಿ. ಇರಬೇಕಾದ್ದು 22ರಿಂದ 30 ಡಿಗ್ರಿ. ಎಂಟೂವರೆ ಅಡಿ ಅಂತರ ಕೊಟ್ಟರೆ 23 ಡಿಗ್ರಿ ಸಿಗುತ್ತದೆ, ಪಕ್ಕದ ಗೋಡೆಗೂ ಒಂದೂಮುಕ್ಕಾಲು ಅಡಿ ಬಿಟ್ಟಂತಾಗುತ್ತದೆ. ಜಾಗ ಇದೆ, ಗೋಡೆ ಖಾಲಿ ಇದೆ.

ಸರೌಂಡ್, ಅಂದರೆ ಹಿಂಬದಿಯ, ಸ್ಪೀಕರುಗಳದ್ದು ಇದಕ್ಕಿಂತ ಕೆಟ್ಟ ಕಥೆ. ಡಬ್ಬಿಯಲ್ಲಿ ಬಂದ ತಂತಿ ಎಲ್ಲಿಗೆ ಮುಗಿಯಿತೋ ಅಲ್ಲಿಗೆ ಮೊಳೆ ಹೊಡೆದಿದ್ದಾರೆ. ಎರಡೂ ಪಕ್ಕದ ಗೋಡೆಗಳಲ್ಲಿ, ಸೋಫಾಕ್ಕಿಂತ 3 ಅಡಿ ಮುಂದೆ, 9 ಅಡಿ ಎತ್ತರದಲ್ಲಿ ನೇತಾಡುತ್ತಿವೆ. ಕೂತವರಿಗೆ ಇದು 63 ಡಿಗ್ರಿ ಕೋನ, ಅಂದರೆ ಹಿಂದಿನಿಂದ ಬರಬೇಕಾದ ಸದ್ದು ಮುಂದಿನಿಂದಲೇ ಬರುತ್ತದೆ. 5.1ರಲ್ಲಿ ಇವು 110ರಿಂದ 120 ಡಿಗ್ರಿಯಲ್ಲಿರಬೇಕು. ನಮ್ಮ ಅಳತೆಗೆ ಸೋಫಾದಿಂದ ಎರಡರಿಂದ ಮೂರೂವರೆ ಅಡಿ ಹಿಂದೆ, ಕೂತವರ ಕಿವಿಗಿಂತ ಒಂದೆರಡು ಅಡಿ ಮೇಲೆ. ನೆಲದಿಂದ 5 ಅಡಿ ಎತ್ತರವಾದರೆ ಸಾಕು.

ಎಡಗಡೆ ಬಾಗಿಲಿದೆ, ಚೌಕಟ್ಟಿನ ಮೇಲಿಂದ ಸುತ್ತಿ ಬರಬೇಕು. ಅಲ್ಲಿ ತಂತಿ ಸಾಲದೆ 5 ಮೀಟರ್ ಟೆಲಿಫೋನ್ ತಂತಿಯನ್ನು ಹೆಣೆದು ಟೇಪು ಸುತ್ತಿದ್ದಾರೆ. ಅದರ ಎಳೆ ಅರ್ಧ ಮಿಲಿಮೀಟರ್ ದಪ್ಪ. ಹೋಗಿ ಬರುವ 10 ಮೀಟರಿಗೆ ಆ ತುಂಡೊಂದರ ರೋಧವೇ ಸುಮಾರು 0.88 ಓಮ್. 6 ಓಮಿನ ಸ್ಪೀಕರಿಗೆ ತಂತಿಯ ಒಟ್ಟು ರೋಧ ಅದರ ಶೇಕಡಾ 5ನ್ನು, ಅಂದರೆ 0.3 ಓಮನ್ನು ಮೀರಬಾರದು ಎಂಬುದು ಈ ಕೆಲಸ ಮಾಡುವವರೆಲ್ಲ ಪಾಲಿಸುವ ಲೆಕ್ಕ. ಸಾಲದ್ದಕ್ಕೆ ನಮ್ಮ ಬೇಸಿಗೆಗೆ ಟೇಪಿನ ಅಂಟು ಕರಗಿ ಜಾರುತ್ತದೆ. ಬೆತ್ತಲೆ ಎಳೆಗಳು ಒಂದಕ್ಕೊಂದು ತಾಗಿದರೆ ರಿಸೀವರ್ ಪ್ರೊಟೆಕ್ಷನ್ನಿಗೆ ಹೋಗಿ ತಾನೇ ಬಂದ್ ಆಗುತ್ತದೆ, ಹೋಗದಿದ್ದರೆ ಔಟ್‌ಪುಟ್ಟೇ ಸುಡುತ್ತದೆ. ಆಗ 'ಗ್ರಾಹಕರ ತಪ್ಪು, ವಾರಂಟಿ ಇಲ್ಲ' ಎಂಬ ಉತ್ತರ ಬಂದೀತು ಎಂಬುದಕ್ಕೇ ಈ ಸಾಲನ್ನು ಮುಂಗಡವಾಗಿ ದಾಖಲಿಸುತ್ತಿದ್ದೇನೆ.

ಹೊಸ ಜಾಗಕ್ಕೆ ಬಲಗಡೆ 26 ಅಡಿ, ಎಡಗಡೆ 40 ಅಡಿ ತಂತಿ ಬೇಕು. ಬಲಕ್ಕೆ 1.5 ಚದರ ಮಿಲಿಮೀಟರಿನ ತಾಮ್ರದ ಜೋಡಿ ತಂತಿ ನಡೆಯುತ್ತದೆ. ಎಡಕ್ಕೆ ಅದು ಮಿತಿಯ ಅಂಚಿಗೆ ಬರುವುದರಿಂದ 2.5 ಹಾಕಿ. ಊರಿನ ಸೂಪರ್ ಮಾರ್ಕೆಟ್ ಪೇಟೆ ಕಡೆಯ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಈ ಅಳತೆ ಸಿಗುತ್ತದೆ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ತಂತಿ ಬೇಡ, ಎಳೆಯನ್ನು ಚಾಕುವಿನಿಂದ ಕೆರೆದರೆ ಬಿಳಿ ಕಾಣಿಸುತ್ತದೆ. ನಡುವೆ ಜೋಡಣೆ ಇರಬಾರದು. ತಂತಿಯನ್ನು ಕೇಸಿಂಗ್ ಪಟ್ಟಿಯೊಳಗೆ ಹಾಯಿಸಿ, ಕರೆಂಟಿನ ತಂತಿಯಿರುವ ಪೈಪಿನೊಳಗೆ ತುರುಕಬೇಡಿ.

ಮುಂದಿನ ಬಲ ಸ್ಪೀಕರಿನ ಪ್ಲಸ್–ಮೈನಸ್ ಅದಲುಬದಲಾಗಿದೆ. ಕೆಂಪು ಗೆರೆಯ ಎಳೆ ರಿಸೀವರಿನಲ್ಲಿ ಕೆಂಪು ತಿರುಪಿಗಿದೆ, ಸ್ಪೀಕರಿನಲ್ಲಿ ಕಪ್ಪಿಗೆ. ಎಡ–ಬಲ ಸ್ಪೀಕರುಗಳ ಕೋನ್‌ಗಳು (ಅದುರಿ ಸದ್ದು ಹೊರಡಿಸುವ ಪರದೆಗಳು) ಒಂದಕ್ಕೊಂದು ಎದುರಾಗಿ ಓಡುವುದರಿಂದ ಬಾಸ್ ಸಪ್ಪೆಯಾಗಿ, ಹಾಡುವವರ ದನಿ ನಡುವೆ ನಿಲ್ಲದೆ ಚದುರುತ್ತದೆ. ತಂತಿಯನ್ನು ರಿಸೀವರಿನಿಂದ ಬಿಚ್ಚಿ, ಆ ತುದಿಗೆ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ ನೋಡಿದರೆ ಎಡ ವೂಫರ್ ಹೊರಕ್ಕೆ ಜಿಗಿಯುತ್ತದೆ, ಬಲದ್ದು ಒಳಕ್ಕೆ ಹೋಗುತ್ತದೆ. ಹತ್ತು ರೂಪಾಯಿ ಸೆಲ್ಲಿನ ಪರೀಕ್ಷೆ ಇದು.

ಟ್ಯೂನಿಂಗ್ ಎಂಬ ಪದವಂತೂ ಬಿಲ್ಲಿನಲ್ಲೇ ಉಳಿದಿದೆ. ಸ್ಪೀಕರುಗಳ ಸದ್ದು ಅಳೆಯುವ ಮೈಕು ಇನ್ನೂ ಪ್ಲಾಸ್ಟಿಕ್ ಚೀಲದಿಂದ ಹೊರಗೇ ಬಂದಿಲ್ಲ. ರಿಸೀವರಿನಲ್ಲಿ ಎಲ್ಲ ಸ್ಪೀಕರಿಗೂ ಒಂದೇ ದೂರ ನಮೂದಾಗಿದೆ. ಸರಿಯಾದ ಜಾಗಕ್ಕೆ ಬಂದ ಮೇಲೆ ಮುಂದಿನವು ಸುಮಾರು 11 ಅಡಿ, ಹಿಂದಿನವು ಆರೂವರೆ ಅಡಿ ದೂರವಿರುತ್ತವೆ. ಒಂದು ಅಡಿಗೆ ಹೆಚ್ಚುಕಡಿಮೆ 0.9 ಮಿಲಿಸೆಕೆಂಡ್ ಲೆಕ್ಕದಲ್ಲಿ 4 ಮಿಲಿಸೆಕೆಂಡ್ ವ್ಯತ್ಯಾಸ. ಅದನ್ನು ರಿಸೀವರಿಗೆ ಹೇಳಲೇಬೇಕು. ನಾಲ್ಕಂಗುಲದ ವೂಫರಿರುವ ಸ್ಪೀಕರುಗಳನ್ನು 'ಲಾರ್ಜ್' (ಬಾಸನ್ನೂ ಪೂರ್ತಿ ನುಡಿಸಬಲ್ಲವು) ಎಂದು ನಮೂದಿಸಿದ್ದಾರೆ. 'ಸ್ಮಾಲ್' ಮಾಡಿ 80 ಹರ್ಟ್ಸಿನಲ್ಲಿ ಕತ್ತರಿಸಿ, ಕೆಳಗಿನದನ್ನು ಸಬ್‌ವೂಫರಿಗೆ ಬಿಡಬೇಕು. ಸಬ್‌ವೂಫರಿನ ಸ್ವಂತ ಫಿಲ್ಟರ್ ಗುಂಡಿ ಈಗ ಅತಿ ಕೆಳಗಿದೆ. ಅದನ್ನು ಪೂರ್ತಿ ಮೇಲಕ್ಕೆ ತಿರುಗಿಸದಿದ್ದರೆ ಒಂದೇ ಸದ್ದಿಗೆ ಎರಡು ಜರಡಿ ಹಿಡಿದಂತಾಗುತ್ತದೆ. ಸಬ್‌ವೂಫರನ್ನು ಮೂಲೆಗೆ ತಳ್ಳಿ ವಾಲ್ಯೂಮ್ ಕೊನೆಗಿಟ್ಟಿರುವುದರಿಂದ ಕೋಣೆಯ ಅಗಲಕ್ಕೆ ತಕ್ಕ 47 ಹರ್ಟ್ಸ್ ಆಸುಪಾಸಿನ ಸದ್ದು ಉಬ್ಬಿ, ಷೋಕೇಸಿನ ಗಾಜು ಗಡಗಡಿಸುತ್ತಿತ್ತು.

ನೆಲ ಶಹಾಬಾದಿನ ಪರಸಿ ಕಲ್ಲಿನದು, ಸದ್ದು ಪುಟಿಯುತ್ತದೆ. ಅದರ ಹೊಣೆ ನಮ್ಮದು, ದಪ್ಪ ಜಮಖಾನ ಹಾಸಿದ್ದಾಗಿದೆ. ರಿಸೀವರನ್ನು ಮಾತ್ರ ಗಾಜಿನ ಬಾಗಿಲಿನ ಷೋಕೇಸಿನೊಳಗಿಟ್ಟು, ಮೇಲೆ ಸೆಟ್‌ಟಾಪ್ ಬಾಕ್ಸ್ ಹೇರಿದವರು ನಿಮ್ಮವರೇ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಅದರ ನೆತ್ತಿಯ ಮೇಲೆ ಕನಿಷ್ಠ ಐದಾರು ಇಂಚು ಬಯಲಿರಬೇಕು.

ಬಂದ ಹುಡುಗರ ಮೇಲೆ ಸಿಟ್ಟಿಲ್ಲ. ಅವರ ಚೀಲದಲ್ಲಿ ಮೀಟರಾಗಲಿ ಅಳತೆ ಟೇಪಾಗಲಿ ಇರಲಿಲ್ಲ. ಅದನ್ನು ಕೊಡಬೇಕಾದವರು ನೀವು. ಅವರ ಸಂಬಳದಲ್ಲಿ ಇದನ್ನು ಮುರಿದುಕೊಂಡು ಕಡತ ಮುಚ್ಚುವುದನ್ನು ನಾನು ಪರಿಹಾರವೆಂದು ಒಪ್ಪುವುದಿಲ್ಲ.

ನನ್ನ ಬೇಡಿಕೆ ಇಷ್ಟು. ಈ ಪತ್ರ ತಲುಪಿದ 15 ದಿನದೊಳಗೆ ಬಲ್ಲ ತಂತ್ರಜ್ಞರನ್ನು ಕಳಿಸಿ ಮೇಲಿನದೆಲ್ಲವನ್ನೂ ನಿಮ್ಮ ಖರ್ಚಿನಲ್ಲಿ, ತಂತಿಯೂ ಸೇರಿ, ಸರಿಪಡಿಸಬೇಕು. ಹಳೆಯ ತೂತುಗಳಿಗೆ ಪುಟ್ಟಿ ಹಚ್ಚಿ ಬಣ್ಣ ಬಳಿಯಬೇಕು. ಪ್ರತಿ ಸ್ಪೀಕರಿನ ದೂರ, ಮಟ್ಟ, ಕ್ರಾಸೋವರ್ (ಬಾಸನ್ನು ಕತ್ತರಿಸಿದ ಹರ್ಟ್ಸ್) ಬರೆದ ಶೀಟು ಕೊಡಬೇಕು. ಇದು ಆಗದಿದ್ದರೆ ಅಳವಡಿಕೆಗೆ ಪಡೆದ ಪೂರ್ತಿ ಹಣ ವಾಪಸ್ ಮಾಡಿ, ಬೇರೆಯವರಿಂದ ಮಾಡಿಸಿಕೊಳ್ಳುವೆ. ಆ ಕಾರಣಕ್ಕೆ ಸಾಮಾನಿನ ವಾರಂಟಿ ರದ್ದಾಗುವುದಿಲ್ಲ ಎಂದು ಲಿಖಿತವಾಗಿ ಕೊಡಬೇಕು.

ಬಿಲ್ಲಿನ ಅಡಿಯಲ್ಲಿ 'ವ್ಯಾಜ್ಯಗಳು ಬೆಂಗಳೂರು ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ' ಎಂದು ಅಚ್ಚು ಹಾಕಿದ್ದೀರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ದೂರುದಾರ ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಕಲಬುರಗಿಯಲ್ಲಿ ಆಯೋಗವಿದೆ, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಅಲ್ಲಿಯವರೆಗೆ ಹೋಗುವ ಇಚ್ಛೆ ನನಗಿಲ್ಲ, ಹೋಗಬೇಕಾದರೆ ಈ ಅಳತೆಗಳೇ ಸಾಕ್ಷಿ.

ತಂತ್ರಜ್ಞರು ಬೆಳಿಗ್ಗೆ ಬೇಗ ಬಂದರೆ ಅನುಕೂಲ. ಮೈಕಿನಿಂದ ಅಳೆಯುವಾಗ ಕೂಲರ್, ಫ್ಯಾನ್ ಎರಡೂ ಬಂದ್ ಇರಬೇಕು, ಹತ್ತು ಗಂಟೆಯ ಮೇಲೆ ಈ ಊರಿನಲ್ಲಿ ಅದು ಯಾರಿಂದಲೂ ಆಗದ ಮಾತು. ಮೈಕನ್ನು ಕೈಯಲ್ಲಿ ಹಿಡಿಯದೆ ಕಿವಿಯ ಎತ್ತರಕ್ಕೆ ನಿಲ್ಲಿಸಲು ಒಂದು ಸ್ಟ್ಯಾಂಡನ್ನೂ ಅವರೊಂದಿಗೆ ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಗ್ರಾಹಕ
ಕಲಬುರಗಿ