ಕಾಲೇಜು ಬದಲಿಸಿದ ಹುಡುಗಿ

ಬಾಸ್ಟನ್

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಚಳಿ ಬಿಟ್ಟು ಮರಗಳು ಚಿಗುರುತ್ತಿವೆ. ಅಮ್ಮನ ಮಂಡಿನೋವು ಹೇಗಿದೆ, ಬರೆ.

ನಿನ್ನ ಫೋನು ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಪುಟ್ಟಿ ಹಾಕಿ ಆಟಕ್ಕಾಗಿ ಮೈಸೂರಿನ ಬೇರೆ ಕಾಲೇಜು ಸೇರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಭಾವ, "ನಡುವೆ ಕಾಲೇಜು ಬಿಟ್ಟವರು ಉದ್ಧಾರವಾದದ್ದುಂಟೇ?" ಎಂದು ಕೇಳಿದರು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ, ಅವರಿಗೂ ಓದಿ ಹೇಳು.

ಇಲ್ಲಿನ ಬಾಸ್ಟನ್ ಕಾಲೇಜಿನ ಹುಡುಗಿಯರು ಲಕ್ರಾಸ್ ಎಂಬ ಆಟದಲ್ಲಿ ಹೆಸರು ಮಾಡಿದವರು. ನಮ್ಮ ಹಾಕಿಯಲ್ಲಿ ಚೆಂಡು ನೆಲದ ಮೇಲೆ ಓಡುತ್ತದೆ, ಇದರಲ್ಲಿ ಅದು ಕೋಲಿನ ತುದಿಗೆ ಕಟ್ಟಿದ ಬಲೆಯಲ್ಲಿ ಕೂತಿರುತ್ತದೆ. ಪಕ್ಕದ ಮನೆಯ ಹುಡುಗಿಯ ಕೋಲನ್ನು ಕೈಯಲ್ಲಿ ಹಿಡಿದು ನೋಡಿದೆ. ಹೆಂಗಸರ ಕೋಲಿನ ಬಲೆ ಅಂಗೈಗುಳಿಯಂತೆ ಆಳವಿಲ್ಲದ್ದು. ಚೆಂಡಿನ ನೆತ್ತಿ ಅಂಚಿನ ಮೇಲೆ ಕಾಣಲೇಬೇಕು ಎಂಬುದು ನಿಯಮ. ಸುಮ್ಮನೆ ಹಿಡಿದು ಓಡಿದರೆ ಚೆಂಡು ಉರುಳಿ ಬೀಳುತ್ತದೆ. ಮಣಿಕಟ್ಟು ತಿರುಗಿಸುತ್ತಾ, ಕೂಸನ್ನು ತೂಗಿದ ಹಾಗೆ ತೂಗುತ್ತಲೇ ಓಡಬೇಕು. ಅವರೂ ಅದನ್ನು ತೊಟ್ಟಿಲು ತೂಗುವುದು ಎಂದೇ ಕರೆಯುತ್ತಾರೆ! ಎದುರಾಳಿಗಳು ಮೇಲೆ ಬೀಳುತ್ತಿರುವಾಗ ಹಾಗೆ ತೂಗುತ್ತಾ ಓಡುವ ಹುಡುಗಿಯರನ್ನು ಕಂಡರೆ ನನ್ನ ಮೈ ಜುಮ್ಮೆನ್ನುತ್ತದೆ. ಗೋಲು ಕಾಯುವವಳನ್ನು ಬಿಟ್ಟರೆ ಉಳಿದವರ ತಲೆಗೆ ಹೆಲ್ಮೆಟ್ ಕಡ್ಡಾಯವಿಲ್ಲ. ಕಣ್ಣಿಗೆ ತಂತಿಯ ಕನ್ನಡಕ, ಬಾಯಿಗೆ ಹಲ್ಲಿನ ಕವಚ, ಅಷ್ಟೇ.

ಈ ಕಾಲೇಜಿನಲ್ಲಿ ಷಾರ್ಲೆಟ್ ನಾರ್ತ್ ಎಂಬವಳು ಆಡಿದಳು. ಊರು ಟೆಕ್ಸಸ್‌ನ ಡಲ್ಲಾಸ್. ಈ ಆಟ ಬೇರೂರಿರುವುದು ಮೇರಿಲ್ಯಾಂಡ್, ನ್ಯೂಯಾರ್ಕ್ ಕಡೆ. ಡಲ್ಲಾಸ್‌ನ ಹುಡುಗಿ ಎಂದರೆ ನಮ್ಮಲ್ಲಿ ಕೊಡಗಿನವಳಲ್ಲದ ಅರಸೀಕೆರೆಯ ಹುಡುಗಿ ಹಾಕಿ ಕೋಲು ಹಿಡಿದ ಹಾಗೆ. ಪುಟ್ಟಿಗೆ ಈ ಮಾತು ತಟ್ಟನೆ ಅರ್ಥವಾಗುತ್ತದೆ, ಅವಳು ಅದನ್ನು ಎಷ್ಟು ಸಲ ಕೇಳಿಸಿಕೊಂಡಿಲ್ಲ!

ಷಾರ್ಲೆಟ್ ಮೊದಲು ಸೇರಿದ್ದು ಡ್ಯೂಕ್ ವಿಶ್ವವಿದ್ಯಾಲಯ. 2018, 2019 ಎರಡು ವರ್ಷ ಅಲ್ಲಿ ಆಡಿದಳು. ಅದು ಬಹಳ ಹೆಸರಿನ ಸಂಸ್ಥೆ, ಅದನ್ನು ಬಿಟ್ಟು ಬಾಸ್ಟನ್‌ಗೆ ಬಂದಳು. ಬಂದದ್ದಾದರೂ ಎಂಥ ತಂಡಕ್ಕೆ? 2017, 2018, 2019 ಮೂರು ವರ್ಷವೂ ರಾಷ್ಟ್ರೀಯ ಕಾಲೇಜು ಪಂದ್ಯಾವಳಿಯ ಫೈನಲ್‌ಗೆ ಹೋಗಿ ಮೂರು ಸಲವೂ ಸೋತ ತಂಡಕ್ಕೆ. ಬಂದ ಮೊದಲ ವರ್ಷವೇ, 2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದ ಪಂದ್ಯಾವಳಿಯೇ ನಿಂತುಹೋಯಿತು. ನಮ್ಮ ಮನೆಯಲ್ಲಾಗಿದ್ದರೆ, "ನೋಡಿದೆಯಾ, ಹೇಳಿರಲಿಲ್ಲವೇ?" ಎನ್ನುತ್ತಿದ್ದೆವು ಅಕ್ಕಾ. ನಾನೂ ಹಾಗೆಯೇ ಅನ್ನುತ್ತಿದ್ದೆ.

ಮರುವರ್ಷ ಅವಳು 102 ಗೋಲು ಹೊಡೆದಳು. ಮೊದಲ ದರ್ಜೆಯ ಕಾಲೇಜು ಮಹಿಳಾ ಲಕ್ರಾಸ್‌ನಲ್ಲಿ ಒಂದೇ ವರ್ಷದಲ್ಲಿ ಅದುವರೆಗೆ ಯಾರೂ ಅಷ್ಟು ಹೊಡೆದಿರಲಿಲ್ಲ. ಫೈನಲ್‌ನಲ್ಲಿ ಸಿರಾಕ್ಯೂಸ್ ವಿರುದ್ಧ ಅವಳದೇ ಆರು. ಬಾಸ್ಟನ್ ಕಾಲೇಜು 16-10ರಲ್ಲಿ ಗೆದ್ದು ಮೊದಲ ಸಲ ರಾಷ್ಟ್ರೀಯ ಪಟ್ಟ ಪಡೆಯಿತು. ಆ ವರ್ಷದ ಶ್ರೇಷ್ಠ ಆಟಗಾರ್ತಿಗೆ ಕೊಡುವ ತೆವಾರಟನ್ ಪ್ರಶಸ್ತಿಯೂ ಅವಳ ಪಾಲಾಯಿತು. ಲಕ್ರಾಸ್ ಇಲ್ಲಿನ ಮೂಲನಿವಾಸಿಗಳ ಆಟ. ತೆವಾರಟನ್ ಎಂಬುದು ಅವರಲ್ಲಿ ಮೊಹಾಕ್ ಜನರು ಈ ಆಟಕ್ಕೆ ಹೇಳುವ ಹೆಸರು.

ಕೋವಿಡ್‌ನಲ್ಲಿ ಹಾಳಾದ ವರ್ಷಕ್ಕೆ ಬದಲಾಗಿ ಎಲ್ಲ ಆಟಗಾರ್ತಿಯರಿಗೂ ಒಂದು ವರ್ಷ ಹೆಚ್ಚಿಗೆ ಸಿಕ್ಕಿತ್ತು. ಅವಳು ಉಳಿದು ಆಡಿದಳು. 2022ರ ಫೈನಲ್‌ನಲ್ಲಿ, ಆ ವರ್ಷ ಒಂದು ಪಂದ್ಯವನ್ನೂ ಸೋಲದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಎದುರು, ಒಂದೇ ಗೋಲಿನಿಂದ, 12-11ರಲ್ಲಿ ಬಾಸ್ಟನ್ ಸೋತಿತು. ಆದರೆ ತೆವಾರಟನ್ ಮತ್ತೆ ಅವಳಿಗೇ ಬಂತು. ಕಾಲೇಜು ಮುಗಿಸುವಾಗ ಒಟ್ಟು 358 ಗೋಲು, ಅದೂ ದಾಖಲೆಯೇ. ಆ ಬೇಸಿಗೆಯಲ್ಲೇ ಅಮೆರಿಕ ತಂಡದೊಂದಿಗೆ ವಿಶ್ವ ಚಾಂಪಿಯನ್ ಆದಳು. 358ರ ದಾಖಲೆಯನ್ನು 2024ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಇಝಿ ಸ್ಕೇನ್ ಮುರಿದಳು. ಆದರೂ ಅದೇ ವರ್ಷದ ಫೈನಲ್‌ನಲ್ಲಿ ಸ್ಕೇನ್‌ಳ ತಂಡವನ್ನು ಬಾಸ್ಟನ್ ಕಾಲೇಜು 14-13ರಲ್ಲಿ ಸೋಲಿಸಿತು. ಷಾರ್ಲೆಟ್ ಬಿಟ್ಟುಹೋದ ಮೇಲೂ ತಂಡ ಗಟ್ಟಿಯಾಗಿಯೇ ಇದೆ. ನನಗೆ ಬಹಳ ಹಿಡಿಸಿದ್ದು ಇದೇ.

ಈ ಆಟದಲ್ಲಿ ಕ್ರಿಕೆಟ್ಟಿನಷ್ಟು ಹಣವಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಹಾಕಿಯಲ್ಲೂ ಇಲ್ಲ. ಪುಟ್ಟಿಗೂ ಅದು ಗೊತ್ತು. ಗೊತ್ತಿದ್ದೇ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಮೈದಾನಕ್ಕೆ ಹೋಗುತ್ತಾಳಲ್ಲ, ಅಕ್ಕಾ.

ಹೊಸ ಕಾಲೇಜಿನಲ್ಲಿ ಒಂದು ವರ್ಷ ಹಿಂದೆ ಬಿದ್ದರೆ ಬೀಳಲಿ. ಹಾಸ್ಟೆಲ್ ಖರ್ಚು ನನಗಿರಲಿ, ಭಾವ ಬೇಡ ಎನ್ನಬಾರದು. ಅರ್ಜಿ ಹಾಕಲು ಕೊನೆಯ ದಿನ ಯಾವುದು, ಹಳೆಯ ಕಾಲೇಜಿನವರು ವರ್ಗಾವಣೆ ಪತ್ರ ಕೊಡಲು ಎಷ್ಟು ದಿನ ತೆಗೆದುಕೊಳ್ಳುತ್ತಾರೆ ಎಂಬುದನ್ನು ವಿಚಾರಿಸಿ ಈ ವಾರವೇ ತಿಳಿಸು. ಪುಟ್ಟಿಯ ಶೂ ಅಳತೆಯನ್ನೂ ಬರೆ. ಜೂನ್‌ನಲ್ಲಿ ಬರುವಾಗ ತರುತ್ತೇನೆ.

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ಇಂತಿ,
ನಿನ್ನ ತಂಗಿ